ಹಬ್ಬದ ಖರೀದಿಗೆ ಮುನ್ನ ನಾನು ಮಾಡಿಕೊಳ್ಳುವ ಏರ್ಪಾಡು

ಮಹಾಲಯ ಅಮಾವಾಸ್ಯೆ ಹತ್ತಿರವಾಗುತ್ತಿದ್ದಂತೆ ಆನ್‌ಲೈನ್ ಅಂಗಡಿಗಳ ದೊಡ್ಡ ಮಾರಾಟ ಶುರುವಾಗುತ್ತದೆ. ಅದರ ಬೆನ್ನಿಗೇ ಮೋಸದ ಸಂದೇಶಗಳೂ ಬರತೊಡಗುತ್ತವೆ. ದಾವಣಗೆರೆಯ ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನನಗೆ ಇಂಥ ಸಂದೇಶಗಳನ್ನು ಓದುವುದೂ ಕೆಲಸದ ಒಂದು ಭಾಗವೇ ಆಗಿಬಿಟ್ಟಿದೆ. ದಸರೆಯಿಂದ ದೀಪಾವಳಿಯವರೆಗೆ ಸದಸ್ಯರು ಕೌಂಟರಿನ ಮುಂದೆ ನಿಂತು, ಫೋನು ಚಾಚಿ, "ಮೇಡಂ, ಇದು ನಿಜಾನಾ ಸ್ವಲ್ಪ ನೋಡ್ರಿ" ಎನ್ನುವುದು ರೂಢಿ. ಮನೆಯಲ್ಲಿಯೂ ಹಬ್ಬದ ಖರೀದಿಯ ಹೊಣೆ ನನ್ನದೇ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಮನದಟ್ಟಾಗಿರುವುದೆಂದರೆ, ಮೋಸವನ್ನು ಗುರುತಿಸುವ ಜಾಣ್ಮೆಯೊಂದನ್ನೇ ನೆಚ್ಚಿಕೊಂಡು ಹಬ್ಬಕ್ಕೆ ಇಳಿಯಬಾರದು. ಬೇರೆ ದಿನಗಳಲ್ಲಿ "ನಿಮ್ಮ ಪಾರ್ಸೆಲ್ ಬಂದಿದೆ" ಎಂಬ ಸಂದೇಶ ಕಂಡರೆ, ಏನೂ ತರಿಸಿಲ್ಲವಲ್ಲ ಎಂದು ಅಳಿಸಿಹಾಕುತ್ತೇವೆ. ಹಬ್ಬದ ವಾರದಲ್ಲಾದರೆ ಮೂರ್ನಾಲ್ಕು ಪಾರ್ಸೆಲ್‌ಗಳು ನಿಜವಾಗಿಯೂ ದಾರಿಯಲ್ಲಿರುತ್ತವೆ, ವಾಪಸು ಕಳಿಸಿದ ಸೀರೆಯ ಹಣ ನಿಜವಾಗಿಯೂ ಬರಬೇಕಾಗಿರುತ್ತದೆ, ಅರ್ಧ ಬೆಲೆಯ ರಿಯಾಯಿತಿಯೂ ಕೆಲವೊಮ್ಮೆ ನಿಜವೇ ಆಗಿರುತ್ತದೆ. ಸುಳ್ಳು ಸಂದೇಶ ಇವುಗಳ ನಡುವೆ ಸೇರಿಕೊಂಡು ಬಂದಾಗ, ಹೋಳಿಗೆಯ ಕಣಕ ಮೆತ್ತಿದ ಕೈಯಲ್ಲಿ ಫೋನು ಹಿಡಿದವರು ಎಷ್ಟು ಓದಿದವರಾದರೂ ಒಂದು ಕ್ಷಣ ಮೈಮರೆಯುವುದು ಸಹಜ. ಆದ್ದರಿಂದ ಆ ಕ್ಷಣದಲ್ಲಿ ತೀರ್ಮಾನಿಸಬೇಕಾದ ವಿಷಯಗಳನ್ನು ಗೌರಿ ಹಬ್ಬ ಮುಗಿದು ಸ್ವಲ್ಪ ಬಿಡುವಿರುವಾಗಲೇ ತೀರ್ಮಾನಿಸಿ ಇಟ್ಟುಬಿಡುತ್ತೇನೆ.

ಮೊದಲನೆಯದು ಹಣದ ಏರ್ಪಾಡು. ಸಂಬಳ ಬೀಳುವ ಖಾತೆಯನ್ನೂ ಠೇವಣಿಗಳಿರುವ ಖಾತೆಯನ್ನೂ ನಾನು ಯಾವ ಯುಪಿಐ ಆ್ಯಪ್‌ಗೂ ಜೋಡಿಸಿಲ್ಲ. ಬೇರೊಂದು ಬ್ಯಾಂಕಿನಲ್ಲಿರುವ ಸಣ್ಣ ಉಳಿತಾಯ ಖಾತೆಗೆ ಮಾತ್ರ ಫೋನಿನ ಸಂಪರ್ಕವಿದೆ. ಹಬ್ಬಕ್ಕೆಂದು ಯೋಚಿಸಿಟ್ಟ ಮೊತ್ತವನ್ನು ಸ್ವಲ್ಪಸ್ವಲ್ಪವಾಗಿ ಅದಕ್ಕೆ ವರ್ಗಾಯಿಸುತ್ತೇನೆ. ಏನೇ ಅನಾಹುತವಾದರೂ ಹೋಗುವುದು ಆ ಖಾತೆಯಲ್ಲಿದ್ದಷ್ಟೇ. ಕಾರ್ಡಿನ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ನಿಯಮಗಳೇ ನಮ್ಮ ನೆರವಿಗಿವೆ. 2020ರಿಂದ ಪ್ರತಿ ಬ್ಯಾಂಕೂ ಕಾರ್ಡಿನ ಆನ್‌ಲೈನ್ ಬಳಕೆ ಮತ್ತು ವಿದೇಶಿ ಬಳಕೆಯನ್ನು ಗ್ರಾಹಕರೇ ಬೇಕಾದಾಗ ತೆರೆದು ಮುಚ್ಚುವ, ಮಿತಿ ಹಾಕಿಕೊಳ್ಳುವ ಸೌಲಭ್ಯ ಕೊಡಬೇಕಾಗಿದೆ. ನಾನು ವಿದೇಶಿ ಬಳಕೆಯನ್ನು ಸಂಪೂರ್ಣವಾಗಿ ಮುಚ್ಚಿದ್ದೇನೆ. ಆನ್‌ಲೈನ್ ಮಿತಿಯನ್ನು ಆ ವಾರದ ಅತಿ ದೊಡ್ಡ ಖರೀದಿಗಿಂತ ಸ್ವಲ್ಪವೇ ಮೇಲೆ ಇಟ್ಟುಕೊಳ್ಳುತ್ತೇನೆ. 2022ರ ಅಕ್ಟೋಬರ್‌ನಿಂದ ಆನ್‌ಲೈನ್ ಅಂಗಡಿಗಳು ನಮ್ಮ ಕಾರ್ಡಿನ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ, ಅದರ ಬದಲಿಗೆ ಟೋಕನ್ ಎಂಬ ಸಂಕೇತ ಸಂಖ್ಯೆಯನ್ನು ಇಟ್ಟುಕೊಳ್ಳುತ್ತವೆ. ಇದರಿಂದ ನನಗೆ ಇನ್ನೊಂದು ಉಪಯೋಗವೂ ಆಗಿದೆ. ನಾನು ಸದಾ ಕೊಳ್ಳುವ ಅಂಗಡಿಯಲ್ಲಿ ಕಾರ್ಡು ಟೋಕನ್ ಆಗಿ ಉಳಿದಿರುವುದರಿಂದ, ಅದೇ ಅಂಗಡಿಯಂತೆ ಕಾಣುವ ಪುಟವೊಂದು ಹದಿನಾರು ಅಂಕಿಗಳನ್ನೂ ಮತ್ತೆ ಬರೆಯಿರಿ ಎಂದರೆ ಅಲ್ಲಿಗೆ ನಿಲ್ಲಿಸುತ್ತೇನೆ.

ಎರಡನೆಯದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಒಂದು ಹಾಳೆ. ಮನೆಯಲ್ಲಿ ಯಾರು ಏನು ತರಿಸಿದರೂ ಅದರಲ್ಲಿ ಬರೆಯಬೇಕು: ವಸ್ತು, ಅಂಗಡಿ, ಹಣ ಕಟ್ಟಿಯಾಗಿದೆಯೋ ಇಲ್ಲವೋ, ಕೊಡುವುದಿದ್ದರೆ ಎಷ್ಟು. ಮಗಳು ಮೊದಮೊದಲು ಗೊಣಗುತ್ತಿದ್ದಳು, ಈಗ ಅವಳೇ ಬಣ್ಣದ ಪೆನ್ನಿನಲ್ಲಿ ಗೆರೆ ಹಾಕಿಕೊಡುತ್ತಾಳೆ. ನಾವು ಕೆಲಸಕ್ಕೆ ಹೋದಾಗ ಬಾಗಿಲು ತೆರೆಯುವವರು ನಮ್ಮ ಅತ್ತೆ. ಯಾರೂ ತರಿಸದ ಪಾರ್ಸೆಲ್‌ಗಳನ್ನು ಹೆಸರು, ವಿಳಾಸ, ಫೋನ್ ಸಂಖ್ಯೆ ಸರಿಯಾಗಿ ಬರೆದು ಕಳಿಸಿ, ಬಾಗಿಲಲ್ಲಿ ಐನೂರು ಆರುನೂರು ರೂಪಾಯಿ ವಸೂಲು ಮಾಡುವ ದಂಧೆಯೊಂದಿದೆ. ಒಳಗೆ ಇರುವುದು ಹಳೆಯ ಬಟ್ಟೆಯೋ ಪ್ಲಾಸ್ಟಿಕ್ ಆಟಿಕೆಯೋ. ಮೊತ್ತ ಸಣ್ಣದಿರುವುದರಿಂದಲೇ ಹಿರಿಯರು "ಮೊಮ್ಮಗಳು ತರಿಸಿರಬೇಕು" ಎಂದು ಕೊಟ್ಟುಬಿಡುತ್ತಾರೆ. ಕಳೆದ ಆಯುಧಪೂಜೆಗೆ ಮುಂಚೆ ಹಾಗೊಂದು ಪಾರ್ಸೆಲ್ ಬಂದಾಗ ನಾನು ಮನೆಯಲ್ಲಿಯೇ ಇದ್ದೆ. ಅತ್ತೆ ಕನ್ನಡಕ ಹಾಕಿಕೊಂಡು ಹಾಳೆಯ ಮುಂದೆ ನಿಂತು, ಬೆರಳಿಟ್ಟು ಸಾಲುಸಾಲಾಗಿ ನೋಡಿ, ಹಿಂದಿರುಗಿ ಬಂದು, "ನಮ್ಮ ಪಟ್ಟಿಯಾಗೆ ಇಲ್ಲಪ್ಪ, ವಾಪಸ್ ತಗಂಡು ಹೋಗು" ಎಂದರು. "ಹೆಸರು ನಿಮ್ದೇ ಐತಲ್ಲಜ್ಜಿ" ಎಂದ ಹುಡುಗನಿಗೆ, "ಹೆಸರು ಯಾರ್ ಬೇಕಾದ್ರೂ ಬರೀಬಹುದು" ಎಂದು ಹೇಳಿ ಕುಡಿಯಲು ನೀರು ಕೊಟ್ಟು ಕಳಿಸಿದರು. ಹುಡುಗನದೇನೂ ತಪ್ಪಿಲ್ಲ, ಅವನು ಚೀಲದಲ್ಲಿದ್ದುದನ್ನು ಹಂಚುವವನು.

ಬಾಗಿಲಲ್ಲಿ ಕೇಳುವ ಒಟಿಪಿಯ ವಿಷಯದಲ್ಲಿ ಕೆಲವರು "ಒಟಿಪಿ ಯಾರಿಗೂ ಕೊಡಬಾರದು" ಎಂಬ ಒಂದೇ ಮಾತನ್ನು ಬೋಧಿಸುತ್ತಾರೆ. ಅದು ನಡೆಯುವ ಮಾತಲ್ಲ. ಫೋನು, ಟಿವಿಯಂಥ ವಸ್ತುಗಳನ್ನು ತಲುಪಿಸುವಾಗ ನಿಜವಾದ ಅಂಗಡಿಯೂ ಒಟಿಪಿ ಕೇಳುತ್ತದೆ. ನಮ್ಮಲ್ಲಿರುವ ಕ್ರಮವೇನೆಂದರೆ, ಒಟಿಪಿ ಬಂದ ಸಂದೇಶವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ವಸ್ತು ತಲುಪಿಸುವುದಕ್ಕೆ ಎಂದು ಅದರಲ್ಲಿಯೇ ಬರೆದಿದ್ದು, ವಸ್ತು ಆಗಲೇ ಕೈಸೇರಿದ್ದರೆ ಮಾತ್ರ ಹೇಳಬೇಕು. ಹಣದ ಮೊತ್ತವೋ ಲಾಗಿನ್ ಎಂಬ ಮಾತೋ ಇದ್ದರೆ ಬಾಗಿಲು ಹಾಕಬೇಕು. ವಿಳಾಸ ಸಿಗುತ್ತಿಲ್ಲ ಎಂದು ಕರೆ ಮಾಡಿ, ನಕ್ಷತ್ರ ಚಿಹ್ನೆಯಿಂದ ಆರಂಭವಾಗುವ ಸಂಖ್ಯೆಯೊಂದನ್ನು ಒತ್ತಿ ಎನ್ನುವವರೂ ಇದ್ದಾರೆ. ಅದು ನಮ್ಮ ಕರೆಗಳನ್ನು ಅವರ ಫೋನಿಗೆ ತಿರುಗಿಸುವ ಆಜ್ಞೆ. ಆಮೇಲೆ ಕರೆಯ ಮೂಲಕ ಬರುವ ಒಟಿಪಿಯೂ ಅವರ ಕಿವಿಗೇ ಬೀಳುತ್ತದೆ.

ಕೌಂಟರಿನ ಮುಂದೆ ನಾನು ಅತಿ ಹೆಚ್ಚು ಕಂಡಿರುವುದು "ನಿಮ್ಮ ಪಾರ್ಸೆಲ್ ಗೋದಾಮಿಗೆ ಬಂದಿದೆ, ವಿಳಾಸ ಅಪೂರ್ಣವಾಗಿದೆ, 24 ಗಂಟೆಯೊಳಗೆ ಸರಿಪಡಿಸದಿದ್ದರೆ ಹಿಂದಕ್ಕೆ ಹೋಗುತ್ತದೆ" ಎಂಬ ಸಂದೇಶ. ಭಾರತೀಯ ಅಂಚೆಯ ಹೆಸರಿನಲ್ಲಿಯೇ ಇದು ಎಷ್ಟು ಹಬ್ಬಿತೆಂದರೆ, ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ ಇದು ಸುಳ್ಳೆಂದು ಪ್ರಕಟಿಸಬೇಕಾಯಿತು. ಕೊಂಡಿಯನ್ನು ಒತ್ತಿದರೆ ಅಂಚೆಯ ಕೆಂಪು ಬಣ್ಣದ ಪುಟವೇ ತೆರೆಯುತ್ತದೆ, ಮತ್ತೆ ತಲುಪಿಸುವ ಶುಲ್ಕವೆಂದು ಕೇಳುವುದೂ ಚಿಲ್ಲರೆ ಹಣವನ್ನೇ. ಬೇಕಾಗಿರುವುದು ಆ ಚಿಲ್ಲರೆಯಲ್ಲ, ಅದನ್ನು ಕಟ್ಟಲು ನಾವು ಬರೆಯುವ ಕಾರ್ಡಿನ ವಿವರ. ಸದಸ್ಯರಿಗೆ ನಾನು ಜಾಲತಾಣದ ವಿಳಾಸ ಓದುವುದನ್ನು ಹೀಗೆ ತೋರಿಸಿಕೊಡುತ್ತೇನೆ. ಆರಂಭದ ಎರಡು ಓರೆಗೆರೆಗಳನ್ನು ಬಿಟ್ಟು, ಆಮೇಲೆ ಬರುವ ಮೊದಲ ಒಂಟಿ ಓರೆಗೆರೆಯವರೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ಓದಬೇಕು. ಆ ತಾಣದ ಒಡೆಯನ ಗುರುತಿರುವುದು ಅಲ್ಲಿಯೇ. ಆ ಗುರುತಿನ ಎಡಕ್ಕೆ ಅಂಚೆ, ಬ್ಯಾಂಕು, ಹೆಸರಾಂತ ಅಂಗಡಿ, ಯಾವ ಹೆಸರನ್ನು ಬೇಕಾದರೂ ಯಾರು ಬೇಕಾದರೂ ಸೇರಿಸಬಹುದು. ಬ್ಯಾಂಕುಗಳ ವಿಷಯದಲ್ಲಿ ಈಗ ಇದು ಸುಲಭವಾಗಿದೆ, ಏಕೆಂದರೆ 2025ರ ಅಕ್ಟೋಬರ್ 31ರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಇಷ್ಟೆಲ್ಲ ಹೇಳಿಕೊಟ್ಟರೂ, ನನ್ನ ಮನೆಯಲ್ಲಿ ನಾನು ಕೊಂಡಿಯನ್ನು ಪರೀಕ್ಷಿಸುತ್ತ ಕೂರುವುದಿಲ್ಲ. ಫ್ರಿಜ್ಜಿನ ಹಾಳೆಯಲ್ಲಿ ಆ ಪಾರ್ಸೆಲ್ ಇದ್ದರೆ ಅಂಗಡಿಯ ಆ್ಯಪನ್ನೇ ತೆರೆದು ಎಲ್ಲಿಗೆ ಬಂದಿದೆ ಎಂದು ನೋಡುತ್ತೇನೆ, ಇಲ್ಲದಿದ್ದರೆ ಸಂದೇಶವನ್ನು ಅಳಿಸುತ್ತೇನೆ.

ಹಣ ಬರುವ ದಾರಿಯಲ್ಲಿ ಆಗುವ ಮೋಸ ಇನ್ನೂ ಚತುರವಾದದ್ದು. ವಾಪಸು ಕಳಿಸಿದ ವಸ್ತುವಿನ ಹಣ ತಡವಾಯಿತೆಂದು ಗ್ರಾಹಕ ಸೇವೆಯ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕುತ್ತಾರೆ. ಅಲ್ಲಿ ಸಿಗುವ ಸಂಖ್ಯೆ ಹಲವು ಬಾರಿ ಮೋಸಗಾರರೇ ಹಾಕಿಟ್ಟದ್ದಾಗಿರುತ್ತದೆ. ಇಲ್ಲಿ ಕರೆ ಮಾಡಿದವರು ನಾವೇ ಆದ್ದರಿಂದ ಅನುಮಾನವೇ ಹುಟ್ಟುವುದಿಲ್ಲ. ಆ ಕಡೆಯವರು ಬಹಳ ಮರ್ಯಾದೆಯಿಂದ ಮಾತನಾಡಿ, ಪರದೆ ಹಂಚುವ ಆ್ಯಪ್ ಹಾಕಿಸುತ್ತಾರೆ, ಇಲ್ಲವೇ ಕ್ಯೂಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ಬರುತ್ತದೆ" ಎನ್ನುತ್ತಾರೆ. ಯುಪಿಐನಲ್ಲಿ ಹಣ ಪಡೆಯುವುದಕ್ಕೆ ಪಿನ್ ಬೇಕಿಲ್ಲ. ಪಿನ್ ಹಾಕಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಒಬ್ಬರು ಇನ್ನೊಬ್ಬರಿಗೆ ಹಣದ ಕೋರಿಕೆ ಕಳಿಸುವ ಸೌಲಭ್ಯ ಇಂಥ ಮೋಸಕ್ಕೆ ಎಷ್ಟು ಬಳಕೆಯಾಯಿತೆಂದರೆ, ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ಅದನ್ನು ನಿಲ್ಲಿಸಲು ಹೇಳಿತು. ಹಾಗೆಂದು ನಿರಾತಂಕವಾಗಿರುವಂತಿಲ್ಲ, ಕ್ಯೂಆರ್ ಕೋಡಿನ ಮೋಸ ಹಾಗೆಯೇ ಇದೆ. ಗ್ರಾಹಕ ಸೇವೆ ಬೇಕಾದರೆ ನಾನು ಆ್ಯಪಿನೊಳಗಿನಿಂದಲೇ ಸಂಪರ್ಕಿಸುತ್ತೇನೆ. ಅದಕ್ಕೂ ಜಗ್ಗದಿದ್ದರೆ ಕೇಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿ 1915 ಇದೆ.

ದೀಪಾವಳಿಯ ಪಟಾಕಿಯ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಶಿವಕಾಶಿಯ ಕಾರ್ಖಾನೆಯಿಂದ ನೇರವಾಗಿ, ಶೇಕಡ 80ರ ರಿಯಾಯಿತಿಯಲ್ಲಿ ಎಂದು ಬೆಲೆಪಟ್ಟಿಗಳು ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತವೆ. ಆನೆಪಟಾಕಿಯಿಂದ ಹಿಡಿದು ನೂರು ಹೊಡೆತದ ಡಬ್ಬಿಯವರೆಗೆ ಚಿತ್ರ, ದರ, ಕಾರ್ಖಾನೆಯ ಫೋಟೊ ಎಲ್ಲವೂ ಇರುತ್ತವೆ. ಮುಂಗಡ ಕಟ್ಟಿದರೆ ಲಾರಿ ಆಫೀಸಿಗೆ ಮಾಲು ಬರುತ್ತದೆ, ಅಲ್ಲಿಂದ ಬಿಡಿಸಿಕೊಳ್ಳಿ ಎನ್ನುತ್ತಾರೆ. ಮಾಲು ಬರುವುದಿಲ್ಲ, ಹಬ್ಬದ ಮುನ್ನಾದಿನ ಫೋನ್ ಸ್ವಿಚ್ ಆಫ್ ಆಗುತ್ತದೆ. ಇದರಲ್ಲಿ ನಿಜ ಸುಳ್ಳು ಬೇರ್ಪಡಿಸುವ ಶ್ರಮವೇ ಬೇಡ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆನ್‌ಲೈನಿನಲ್ಲಿ ಪಟಾಕಿ ಮಾರುವುದನ್ನು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿಯೇ ನಿಷೇಧಿಸಿದೆ. ಮಾರುವುದೇ ಕಾನೂನಿಗೆ ವಿರುದ್ಧವಾಗಿರುವಾಗ ಮೋಸ ಹೋದವರು ರಸೀದಿ ಹಿಡಿದು ಗ್ರಾಹಕ ನ್ಯಾಯಾಲಯಕ್ಕೆ ಹೋಗುವ ಧೈರ್ಯವನ್ನೂ ಮಾಡುವುದಿಲ್ಲ, ಮೋಸಗಾರರಿಗೆ ಅದೂ ಗೊತ್ತು. ನಾವು ಪ್ರತಿ ವರ್ಷ ಮೈದಾನದಲ್ಲಿ ಪರವಾನಗಿ ಪಡೆದು ಹಾಕುವ ಮಳಿಗೆಗಳಲ್ಲಿಯೇ ಹಸಿರು ಪಟಾಕಿಯನ್ನು ಕೊಳ್ಳುತ್ತೇವೆ. ಬೆಲೆ ಹೆಚ್ಚೆಂದು ಯಜಮಾನರು ಗೊಣಗುತ್ತಾರೆ, ನಾನು ಕಡಿಮೆ ಕೊಳ್ಳುತ್ತೇನೆ.

ಸೀರೆ ಮತ್ತು ಚಿನ್ನದಲ್ಲಿ ಹಣ ಹೋಗುವುದಕ್ಕಿಂತ ಹೆಚ್ಚಾಗಿ ಸರಕೇ ಬೇರೆಯಾಗಿ ಬರುತ್ತದೆ. ಮೈಸೂರು ರೇಷ್ಮೆಯೆಂದು ಸಾವಿರ ರೂಪಾಯಿಗೆ ತೋರಿಸುವ ಇನ್‌ಸ್ಟಾಗ್ರಾಂ ಪುಟಗಳನ್ನು ನಾನು ತೆರೆಯುವುದೇ ಇಲ್ಲ. ಮೈಸೂರು ರೇಷ್ಮೆ ತಯಾರಿಸುವ ರಾಜ್ಯ ಸರ್ಕಾರದ ನಿಗಮವಾದ ಕೆಎಸ್‌ಐಸಿಯ ಸೀರೆಗೆ ಪ್ರತ್ಯೇಕ ಗುರುತಿನ ಸಂಖ್ಯೆಯೂ ಹಾಲೋಗ್ರಾಮೂ ಇರುತ್ತವೆ, ಆ ಬೆಲೆಗೆ ಅದು ಸಿಗುವುದೂ ಇಲ್ಲ. ಚಿನ್ನದ ಒಡವೆಯನ್ನು ಅಂಗಡಿಗೇ ಹೋಗಿ ಕೊಳ್ಳುತ್ತೇನೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಇರುವ ಒಡವೆಯ ಮೇಲೆ ಅಕ್ಷರ ಮತ್ತು ಅಂಕಿಗಳು ಸೇರಿ ಆರು ಸ್ಥಾನಗಳಿರುವ ಎಚ್‌ಯುಐಡಿ ಎಂಬ ಗುರುತಿನ ಸಂಖ್ಯೆ ಇರಲೇಬೇಕು. ಅಂಗಡಿಯವರು ಭೂತಗನ್ನಡಿ ಕೊಡುತ್ತಾರೆ. ಓದಿಕೊಂಡು, ಹಾಲ್‌ಮಾರ್ಕ್ ವ್ಯವಸ್ಥೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಿನಲ್ಲಿ ಬರೆದರೆ ಒಡವೆಯ ಬಗೆ, ಶುದ್ಧತೆ, ಹಾಲ್‌ಮಾರ್ಕ್ ಕೇಂದ್ರದ ವಿವರ ಬರುತ್ತದೆ. ಆ್ಯಪಿನಲ್ಲಿ ಉಂಗುರವೆಂದಿದ್ದು ಕೈಯಲ್ಲಿರುವುದು ಓಲೆಯಾದರೆ ಅಲ್ಲಿಯೇ ಕೇಳಬೇಕು. ಹೀಗೆ ನೋಡುವಾಗ ಅಂಗಡಿಯವರು ಬೇಸರಿಸಿದ್ದನ್ನು ನಾನು ಕಂಡಿಲ್ಲ.

ನಮ್ಮ ಮಾವನವರಿಗೆ ಒಂದೇ ಒಂದು ಮಾತು ಹೇಳಿಕೊಟ್ಟಿದ್ದೇನೆ. ಫೋನಿನಲ್ಲಿ ಯಾರೇ ಹಣದ ವಿಷಯ ಎತ್ತಲಿ, "ಸೊಸೆಯನ್ನು ಕೇಳಿ ಹೇಳ್ತೀನಿ" ಎಂದು ಇಟ್ಟುಬಿಡಬೇಕು. ನಿಮ್ಮ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ವಿಡಿಯೊ ಕರೆಯಿಂದ ಏಳಬೇಡಿ ಎನ್ನುವ ಪೊಲೀಸ್ ವೇಷದವರಿಗೂ ಅದೇ ಉತ್ತರ. ಹೀಗೆ ವಿಡಿಯೊ ಕರೆಯಲ್ಲಿಯೇ ಬಂಧಿಸುವ ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿಯೇ ಇಲ್ಲ.

ಇಷ್ಟಾಗಿಯೂ ಹಣ ಹೋದರೆ ಮಾಡಬೇಕಾದುದನ್ನು ಫ್ರಿಜ್ಜಿನ ಹಾಳೆಯ ಕೆಳಗೇ ಬರೆದಿಟ್ಟಿದ್ದೇನೆ: ಸೈಬರ್ ವಂಚನೆಯ ಸಹಾಯವಾಣಿ 1930. ನಮ್ಮ ಸಂಘದ ಸದಸ್ಯರೊಬ್ಬರು ನಕಲಿ ಅಂಗಡಿಯ ಪುಟದಲ್ಲಿ ಮಿಕ್ಸಿಗೆ ಹಣ ಕಟ್ಟಿದ್ದಾಗ ಈ ಸಂಖ್ಯೆಗೆ ಕರೆ ಮಾಡಲು ನಾನೇ ಜೊತೆಗೆ ಕುಳಿತಿದ್ದೆ. ಯುಪಿಐನ ಹನ್ನೆರಡು ಅಂಕಿಗಳ ವಹಿವಾಟು ಸಂಖ್ಯೆ, ದಿನಾಂಕ, ಸಮಯ, ಮೊತ್ತ, ಯಾವ ಖಾತೆಯಿಂದ ಯಾವ ಯುಪಿಐ ಐಡಿಗೆ ಹೋಯಿತು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡಿದ್ದರಿಂದ ತಡವರಿಸದೆ ದೂರು ದಾಖಲಾಯಿತು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿದು ಕರಗುವುದರೊಳಗೆ ತಡೆಹಿಡಿಯಬೇಕಾದ್ದರಿಂದ ಇಲ್ಲಿ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆಯುವುದು, ನೆಂಟರಿಗೆ ಹೇಳಿಕೊಳ್ಳುವುದು ಆಮೇಲಿನ ಮಾತು. ಅದೇ ದಿನ ಬ್ಯಾಂಕಿಗೂ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದೆವು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯ ಪ್ರಕಾರ, ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ, ಗ್ರಾಹಕರ ಒಪ್ಪಿಗೆಯೂ ಇಲ್ಲದೆ ಹಣ ಹೋಗಿದ್ದು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಹೊಣೆಯಿಲ್ಲ. ಪಿನ್ನನ್ನೋ ಒಟಿಪಿಯನ್ನೋ ತಾವೇ ಹಂಚಿಕೊಂಡಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಆ ಸದಸ್ಯರ ಹಣ ಅವರೇ ಪಿನ್ ಹಾಕಿ ಕಳಿಸಿದ್ದು, ಹಾಗಾಗಿ ಬ್ಯಾಂಕಿನಿಂದ ಏನೂ ಬರಲಿಲ್ಲ. ಆದರೆ ಬೇಗ ಕರೆ ಮಾಡಿದ್ದರಿಂದ ಸ್ವಲ್ಪ ಮೊತ್ತ ಎದುರಿನ ಖಾತೆಯಲ್ಲಿಯೇ ತಡೆಯಾಗಿ ನಿಂತಿದೆ. ಅದನ್ನು ಬಿಡುಗಡೆ ಮಾಡಿಸಲು ನ್ಯಾಯಾಲಯದ ಆದೇಶ ಬೇಕೆಂದು ಠಾಣೆಯಲ್ಲಿ ಹೇಳಿದ್ದಾರೆ, ಅರ್ಜಿ ಸಿದ್ಧವಾಗುತ್ತಿದೆ.