ಮೌಸ್‌ಗೆ ಬಿಡುವ ಕೆಲಸ, ಆದೇಶಕ್ಕೆ ಒಪ್ಪಿಸುವ ಕೆಲಸ

ಪ್ರವಾಸದಿಂದ ತಂದ ಮುನ್ನೂರು ಫೋಟೊಗಳಲ್ಲಿ ಚೆನ್ನಾಗಿ ಬಂದವು ಯಾವುವು? ಇದನ್ನು ಕಣ್ಣಿನಿಂದ ನೋಡಿಯೇ ಆರಿಸಬೇಕು. ಚಿತ್ರಗಳನ್ನು ಸಾಲಾಗಿ ತೋರಿಸುವ ಫೋಲ್ಡರ್ ಎದುರಿಗಿದ್ದು, ಕೈಯಲ್ಲೊಂದು ಮೌಸ್ ಇದ್ದರೆ ಅದಕ್ಕಿಂತ ಒಳ್ಳೆಯ ಸಾಧನ ಬೇರೆ ಇಲ್ಲ. ಆದರೆ ‘ಹೆಸರಿನಲ್ಲಿ 2023 ಎಂದಿರುವ ಪಿಡಿಎಫ್‌ಗಳನ್ನೆಲ್ಲ ಬೇರೆ ಫೋಲ್ಡರ್‌ಗೆ ಹಾಕು’ ಎಂಬ ಕೆಲಸದಲ್ಲಿ ಕಣ್ಣಿಗೆ ಕೆಲಸವೇ ಇಲ್ಲ. ಒಂದು ವಾಕ್ಯದಲ್ಲಿ ಹೇಳಿದರೆ ಮುಗಿಯಿತು. ಹೀಗೆ ಹೇಳಿ ಮುಗಿಸಬಹುದಾದ ಕೆಲಸವನ್ನು ಟೈಪಿಸಿಯೂ ಮುಗಿಸಬಹುದು. ಮೌಸ್ ಹಿಡಿಯಬೇಕೋ ಆದೇಶ ಕೊಡಬೇಕೋ ಎಂದು ತೀರ್ಮಾನಿಸಲು ನಾನು ಬಳಸುವ ಅಳತೆ ಇದೊಂದೇ.

ಟೈಪಿಸಿ ಆದೇಶ ಕೊಡುವುದು ಪರಿಣತರ ವಿದ್ಯೆಯೆಂದು ದೂರ ಉಳಿಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕಲಿಯಬೇಕಾದದ್ದು ಆರೇಳು ಪುಟ್ಟ ಪದಗಳು ಮಾತ್ರ. ಅವುಗಳಲ್ಲಿ ಹೆಚ್ಚಿನವು 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಕಟ್ಟತೊಡಗಿದ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಬಳುವಳಿ. ಆಗ ಪರದೆಯ ಬದಲು ಕಾಗದದ ಮೇಲೆ ಅಚ್ಚೊತ್ತುವ ಟೆಲಿಟೈಪ್ ಯಂತ್ರಗಳಿದ್ದವು. ಸೆಕೆಂಡಿಗೆ ಸುಮಾರು 10 ಅಕ್ಷರಗಳಷ್ಟೇ ಮೂಡುತ್ತಿದ್ದವು. ಅಂಥ ನಿಧಾನದಲ್ಲಿ ಎರಡಕ್ಷರದ ಆದೇಶಗಳು ಎಷ್ಟು ಹಿತವಾಗಿದ್ದಿರಬೇಕು! ಫೈಲನ್ನು ಚಿತ್ರವಾಗಿ ತೋರಿಸಿ, ಮೌಸ್‌ನಿಂದ ಎಳೆಯುವ ರೂಢಿ ಮನೆಮನೆಗೆ ಹರಡಲು ಆರಂಭವಾದದ್ದು 1984ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರ್ ಬಂದ ಮೇಲೆ.

ಇನ್ನು ಕೆಲಸಕ್ಕೆ ಬರೋಣ. ಆದೇಶಗಳನ್ನು ಇಲ್ಲಿ ಅಕ್ಷರ ಬಿಡಿಸಿ ಕೊಟ್ಟಿದ್ದೇನೆ. ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಒಂದಕ್ಕೊಂದು ಸೇರಿಸಿ ಟೈಪಿಸಿ, ಎಂಟರ್ ಒತ್ತಿ.

ಮೊದಲು: ಎಲ್ಲಿದ್ದೀರಿ ಎಂದು ತಿಳಿಯಿರಿ

ಆದೇಶ ಟೈಪಿಸುವ ಕಿಟಕಿಯನ್ನು ತೆರೆಯಿರಿ: ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಅದರ ಹೆಸರು ಟರ್ಮಿನಲ್, ವಿಂಡೋಸ್‌ನಲ್ಲಿ ಪವರ್‌ಶೆಲ್. ಪಿ-ಡಬ್ಲ್ಯು-ಡಿ ಎಂದು ಟೈಪಿಸಿದರೆ ನೀವೀಗ ಯಾವ ಫೋಲ್ಡರ್‌ನೊಳಗೆ ಇದ್ದೀರಿ ಎಂಬುದು ಕಾಣುತ್ತದೆ. ಎಲ್-ಎಸ್ ಎಂದರೆ ಅಲ್ಲಿರುವ ಫೈಲ್‌ಗಳ ಪಟ್ಟಿ. ಸಿ-ಡಿ ಎಂದು ಬರೆದು, ಜಾಗ ಬಿಟ್ಟು, ಫೋಲ್ಡರ್ ಹೆಸರು ಕೊಟ್ಟರೆ ಅದರೊಳಗೆ ಹೋಗುತ್ತೀರಿ. ಹೆಸರಿನ ಬದಲು ಎರಡು ಚುಕ್ಕೆ ಇಟ್ಟರೆ ಒಂದು ಹಂತ ಹೊರಗೆ ಬರುತ್ತೀರಿ. ಈ ಮೂರೂ ನೋಡುವ, ಓಡಾಡುವ ಆದೇಶಗಳು. ಏನನ್ನೂ ಕೆಡಿಸುವುದಿಲ್ಲ; ಎಷ್ಟು ಸಲ ಬೇಕಾದರೂ ಪ್ರಯತ್ನಿಸಿ.

ಹೆಸರನ್ನು ಪೂರ್ತಿ ಟೈಪಿಸುವ ಶ್ರಮ ಬೇಡ. ಮೊದಲ ಎರಡು ಮೂರು ಅಕ್ಷರ ಬರೆದು ಟ್ಯಾಬ್ ಕೀಲಿ ಒತ್ತಿದರೆ ಉಳಿದದ್ದನ್ನು ಕಂಪ್ಯೂಟರೇ ತುಂಬಿಕೊಡುತ್ತದೆ. ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಇಡೀ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬೇಕು.

ಆಮೇಲೆ: ಅಭ್ಯಾಸಕ್ಕೊಂದು ಜಾಗ

ಎಂ-ಕೆ-ಡಿ-ಐ-ಆರ್ ಎಂದು ಬರೆದು ಒಂದು ಹೆಸರು ಕೊಡಿ. ಹೊಸ ಫೋಲ್ಡರ್ ಸಿದ್ಧ. ಬೇಡವಾದ ಹತ್ತು ಹನ್ನೆರಡು ಫೈಲ್‌ಗಳನ್ನು ಅದರೊಳಗೆ ನಕಲಿಸಿಕೊಳ್ಳಿ. ಮೌಸ್‌ನಿಂದಲೇ ನಕಲಿಸಿದರೂ ಸರಿ, ಸಿ-ಪಿ ಆದೇಶದಿಂದ ನಕಲಿಸಿದರೂ ಸರಿ. ಮುಂದಿನದೆಲ್ಲ ಈ ಫೋಲ್ಡರ್‌ನೊಳಗೇ ನಡೆಯಲಿ.

ಮುಖ್ಯ ಪಾಠ: ಮೊದಲು ನೋಡಿ, ಆಮೇಲೆ ಮಾಡಿ

ಆದೇಶಗಳ ನಿಜವಾದ ಶಕ್ತಿ ಇರುವುದು ನಕ್ಷತ್ರ ಚಿಹ್ನೆಯಲ್ಲಿ. ‘ಇಲ್ಲಿ ಏನಿದ್ದರೂ ಆಗಬಹುದು’ ಎಂಬುದು ಅದರ ಅರ್ಥ. ನಕ್ಷತ್ರ, 2023, ಮತ್ತೆ ನಕ್ಷತ್ರ, ಚುಕ್ಕೆ, ಪಿಡಿಎಫ್ ಎಂದು ನಡುವೆ ಜಾಗ ಬಿಡದೆ ಬರೆದರೆ, ಹೆಸರಿನಲ್ಲಿ ಎಲ್ಲಾದರೂ 2023 ಇರುವ ಪಿಡಿಎಫ್‌ಗಳೆಲ್ಲ ಅದರಲ್ಲಿ ಬಂದವು. ಲಿನಕ್ಸ್‌ನಲ್ಲಿ ದೊಡ್ಡ ಅಕ್ಷರ ಬೇರೆ, ಸಣ್ಣ ಅಕ್ಷರ ಬೇರೆ ಎಂಬುದು ನೆನಪಿರಲಿ: ಹೆಸರಿನ ಕೊನೆಯ ಪಿಡಿಎಫ್ ದೊಡ್ಡ ಅಕ್ಷರಗಳಲ್ಲಿದ್ದರೆ ಆ ಫೈಲ್ ಈ ಬಲೆಗೆ ಬೀಳುವುದಿಲ್ಲ.

ಇದನ್ನು ನೇರವಾಗಿ ಸಾಗಿಸುವ ಆದೇಶಕ್ಕೆ ಜೋಡಿಸಬೇಡಿ. ಮೊದಲು ಎಲ್-ಎಸ್ ಜೊತೆ ಬರೆದು ಯಾವ ಯಾವ ಫೈಲ್‌ಗಳು ಸಿಕ್ಕಿವೆ ಎಂದು ಓದಿ. ಪಟ್ಟಿ ಸರಿಯಿದ್ದರೆ ಕೀಲಿಮಣೆಯ ಮೇಲ್ಮುಖ ಬಾಣ ಒತ್ತಿ. ಹಿಂದಿನ ಸಾಲು ಮರಳಿ ಬರುತ್ತದೆ. ಅದರಲ್ಲಿ ಎಲ್-ಎಸ್ ಅಳಿಸಿ ಎಂ-ವಿ ಎಂದು ಮಾಡಿ. ಸಾಲಿನ ಕೊನೆಗೆ ಒಂದು ಜಾಗ ಬಿಟ್ಟು, ಹೋಗಬೇಕಾದ ಫೋಲ್ಡರ್ ಹೆಸರು ಸೇರಿಸಿ. ಐದು ಫೈಲ್ ಇರಲಿ, ಐದು ಸಾವಿರ ಇರಲಿ, ಬರೆಯಬೇಕಾದದ್ದು ಅಷ್ಟೇ ಉದ್ದದ ಸಾಲು.

ಎಂ-ವಿ ಬಗ್ಗೆ ಎಚ್ಚರದ ಮಾತೊಂದಿದೆ. ಸಾಗಿಸುವುದಕ್ಕೂ ಹೆಸರು ಬದಲಿಸುವುದಕ್ಕೂ ಇದು ಒಂದೇ ಆದೇಶ. ಕೊಟ್ಟ ಹೆಸರಿನ ಫೋಲ್ಡರ್ ಇದ್ದರೆ ಫೈಲ್ ಅದರೊಳಗೆ ಹೋಗುತ್ತದೆ. ಇಲ್ಲದಿದ್ದರೆ ಫೈಲಿಗೇ ಆ ಹೆಸರು ಬರುತ್ತದೆ. ಒಮ್ಮೆ ನಾನು ಫೋಲ್ಡರ್ ಮಾಡುವುದನ್ನು ಮರೆತು, ಮೂರು ಬರಹಗಳನ್ನು ಒಂದಾದ ಮೇಲೊಂದರಂತೆ ಅದಕ್ಕೆ ಸಾಗಿಸಿದೆ. ಮೊದಲನೆಯದರ ಹೆಸರು ಬದಲಾಯಿತು, ಎರಡನೆಯದು ಅದರ ಮೇಲೆ ಕುಳಿತಿತು, ಮೂರನೆಯದು ಎರಡನೆಯದನ್ನೂ ಅಳಿಸಿತು. ಕಂಪ್ಯೂಟರ್ ಒಂದು ಮಾತೂ ಕೇಳಲಿಲ್ಲ. ಅಂದಿನಿಂದ ಫೋಲ್ಡರ್ ಹೆಸರಿನ ಕೊನೆಗೆ ಓರೆಗೆರೆ (/) ಹಾಕದೆ ನಾನು ಎಂಟರ್ ಒತ್ತುವುದಿಲ್ಲ. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಆ ಗೆರೆಯಿದ್ದರೆ, ಫೋಲ್ಡರ್ ಇಲ್ಲದಾಗ ಕೆಲಸ ನಡೆಯದೆ ದೋಷದ ಸೂಚನೆ ಬರುತ್ತದೆ. ಅಲ್ಲಿ ಎಂ-ವಿ ಪಕ್ಕದಲ್ಲಿ ಜಾಗ ಬಿಟ್ಟು ಅಡ್ಡಗೆರೆ ಮತ್ತು ಐ ಅಕ್ಷರ ಸೇರಿಸಿದರೆ, ಹಳೆಯ ಫೈಲಿನ ಮೇಲೆ ಬರೆಯುವ ಮೊದಲು ಅನುಮತಿಯನ್ನೂ ಕೇಳುತ್ತದೆ. ಪವರ್‌ಶೆಲ್‌ನಲ್ಲಿ ಸಾಲಿನ ಕೊನೆಗೆ ಜಾಗ ಬಿಟ್ಟು, ಅಡ್ಡಗೆರೆ ಹಾಕಿ, ಅದಕ್ಕೆ ತಾಗಿಸಿ ವಾಟ್‌ಇಫ್ (WhatIf) ಎಂದು ಒಂದೇ ಪದವಾಗಿ ಬರೆದರೆ, ಏನನ್ನೂ ಮಾಡದೆ, ಏನಾಗಲಿದೆ ಎಂಬುದನ್ನಷ್ಟೇ ತೋರಿಸುತ್ತದೆ.

ಅಳಿಸುವುದು ಕೊನೆಗೆ

ಆರ್-ಎಂ ಅಳಿಸುವ ಆದೇಶ. ಮೌಸ್‌ನಿಂದ ಅಳಿಸಿದ ಫೈಲ್ ಸಾಮಾನ್ಯವಾಗಿ ಕಸದ ಬುಟ್ಟಿಯಲ್ಲಿ ಕಾದಿರುತ್ತದೆ. ಆರ್-ಎಂ ಅಳಿಸಿದ್ದು ಬುಟ್ಟಿಗೆ ಹೋಗುವುದಿಲ್ಲ, ಕಂಟ್ರೋಲ್-ಝೆಡ್ ಒತ್ತಿದರೆ ಮರಳುವುದೂ ಇಲ್ಲ. ಅದರ ಮುಂದೆ ನಕ್ಷತ್ರ, ಚುಕ್ಕೆ, ಪಿಡಿಎಫ್ ಎಂದು ಬರೆಯುವಾಗ ನಕ್ಷತ್ರದ ನಂತರ ತಪ್ಪಿ ಒಂದು ಜಾಗ ಬಿಟ್ಟರೆ ಲಿನಕ್ಸ್ ಮತ್ತು ಮ್ಯಾಕ್ ಅದನ್ನು ‘ಎಲ್ಲ ಫೈಲ್‌ಗಳನ್ನೂ ಅಳಿಸು’ ಎಂದೇ ಓದುತ್ತವೆ. ಮೊದಲ ಕೆಲವು ವಾರ ಅಳಿಸುವ ಕೆಲಸವನ್ನು ಮೌಸ್‌ಗೇ ಬಿಡಿ ಎಂಬುದು ನನ್ನ ಸಲಹೆ.

ದೊಡ್ಡ ವಿಡಿಯೊ ಸಾಗಿಸುವಾಗ ಆದೇಶ ಕೊಟ್ಟರೆ ಬೇಗ ಆಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಒಂದೇ ಡಿಸ್ಕ್‌ನೊಳಗಾದರೆ ಎರಡೂ ಕ್ರಮಗಳಲ್ಲಿ ಫೈಲಿನ ವಿಳಾಸ ಮಾತ್ರ ಬದಲಾಗುತ್ತದೆ, ಆದ್ದರಿಂದ ಕ್ಷಣದಲ್ಲಿ ಮುಗಿಯುತ್ತದೆ. ಪೆನ್‌ಡ್ರೈವ್‌ಗಾದರೆ ಇಡೀ ಫೈಲ್ ನಕಲಾಗಬೇಕು. ಯಾವ ದಾರಿಯಲ್ಲಿ ಹೋದರೂ ಕಾಯಲೇಬೇಕು.

ಎರಡು ದಾರಿಗಳ ನಡುವೆ ಒಂದು ಬಾಗಿಲೂ ಇದೆ. ಟರ್ಮಿನಲ್‌ನಲ್ಲಿ ಕೆಲಸ ಮುಗಿದ ಮೇಲೆ ಮ್ಯಾಕ್‌ನಲ್ಲಿ ಓಪನ್ ಎಂದೂ ವಿಂಡೋಸ್‌ನಲ್ಲಿ ಎಕ್ಸ್‌ಪ್ಲೋರರ್ ಎಂದೂ ಟೈಪಿಸಿ, ಜಾಗ ಬಿಟ್ಟು ಒಂದು ಚುಕ್ಕೆ ಇಡಿ. ನೀವಿರುವ ಫೋಲ್ಡರ್ ಚಿತ್ರರೂಪದಲ್ಲಿ ತೆರೆದುಕೊಳ್ಳುತ್ತದೆ. ಸಾಗಿಸಿದ ಫೈಲ್‌ಗಳಲ್ಲಿ ಒಂದೆರಡನ್ನು ಮೌಸ್‌ನಿಂದ ತೆರೆದು, ಬೇಕಾದವೇ ಬಂದಿವೆಯೇ ಎಂದು ಅಲ್ಲಿ ನೋಡಿಕೊಳ್ಳಿ.