ಮೇಲಿನ ಕೆರೆ ತಗ್ಗಿಗೆ ಬಂದಿತ್ತು

ಕೋಲಾರದ ಹತ್ತಿರ ನಮ್ಮೂರಿನ ಕೆರೆ ಸಾಲಿಗೆ ಎತ್ತರದ ನಕ್ಷೆ ಮಾಡಿದ್ದೆ. ಸೆಂಟಿನೆಲ್-1 ಉಪಗ್ರಹದ ಎರಡು ರೇಡಾರ್ ಚಿತ್ರ, ನಡುವೆ 12 ದಿನ. ಬೇಸಿಗೆಯವೇ ಬೇಕು. ಹೊಲದಲ್ಲಿ ಬೆಳೆ ಇದ್ದರೆ ಎರಡೂ ಸರಿಯಾಗಿ ಹೊಂದುವುದಿಲ್ಲ.

ಪ್ರಿಂಟ್ ತೆಗೆದು ದೊಡ್ಡಪ್ಪನಿಗೆ ತೋರಿಸಿದೆ. ಅವರು ನೀರುಗಂಟಿ, ಅಂದರೆ ಕೆರೆ ನೀರು ಹಂಚುವ ಕೆಲಸದವರು, ಆಗಿದ್ದವರು. ಮೇಲಿನ ಕೆರೆ ಮೇಲೆ ಬೆರಳಿಟ್ಟು, "ಇದು ಕೋಡಿ ಹೋದ್ರೆ ನೀರು ನಮ್ಮ ಕೆರೆಗೆ ಬರತ್ತಪ್ಪಾ. ನೀನು ಇದನ್ನೇ ತಗ್ಗು ಮಾಡಿದ್ದೀಯಲ್ಲ?" ಅಂದರು.

ನಿಜ. ಇಡೀ ನಕ್ಷೆಯೇ ಒಂದು ಕಡೆಗೆ ವಾಲಿತ್ತು.

ಮನೆಗೆ ಬಂದು ಪ್ರತಿ ಹೆಜ್ಜೆ ತಿರುಗಿ ನೋಡಿದೆ. ರೇಡಾರ್ ಚಿತ್ರ ಸಂಸ್ಕರಿಸುವ ಸ್ನ್ಯಾಪ್ ತಂತ್ರಾಂಶದಲ್ಲಿ ಕಕ್ಷೆಯ ಫೈಲ್, ಅಂದರೆ ಉಪಗ್ರಹ ಹೋದ ದಾರಿಯ ಲೆಕ್ಕ, ಹಾಕುವ ಹಂತ ಇದೆ. ಫೈಲ್ ಸಿಗದಿದ್ದರೂ ಮುಂದುವರಿಸು ಅನ್ನುವ ಟಿಕ್ ಕೂಡ ಅಲ್ಲೇ. ಅವಸರದಲ್ಲಿ ಅದನ್ನು ಒತ್ತಿದ್ದೆ. ಚಿತ್ರ ಹೊಸದು, ನಿಖರ ಕಕ್ಷೆ ಬರಲು ಸುಮಾರು 20 ದಿನ ಬೇಕು. ಹಾಗಾಗಿ ಚಿತ್ರದ ಜೊತೆ ಬಂದಿದ್ದ ಒರಟು ಕಕ್ಷೆಯಲ್ಲೇ ಲೆಕ್ಕ ಆಗಿಹೋಗಿತ್ತು.

ಉಪಗ್ರಹ ಎರಡು ಸಲವೂ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ನನ್ನ ಜೋಡಿಯಲ್ಲಿ ಸುಮಾರು 150 ಮೀಟರ್ ಅಂತರ ಇತ್ತು. ಎತ್ತರ ಗೊತ್ತಾಗುವುದೇ ಆ ಅಂತರದಿಂದ. ಎರಡೂ ಚಿತ್ರ ಹೋಲಿಸಿದಾಗ ಬಣ್ಣದ ಪಟ್ಟೆಗಳು ಮೂಡುತ್ತವೆ. ಅಷ್ಟು ಅಂತರಕ್ಕೆ ಬಣ್ಣಗಳ ಒಂದು ಪೂರ್ತಿ ಸುತ್ತು ಅಂದರೆ ಹೆಚ್ಚುಕಡಿಮೆ 100 ಮೀಟರ್ ಎತ್ತರ. ನೆಲ ಸಪಾಟಾಗಿದ್ದರೂ ಈ ಅಂತರದಿಂದಲೇ ಬರುವ ಪಟ್ಟೆಗಳನ್ನು ಮೊದಲು ಕಳೆಯಬೇಕು, ಉಳಿದದ್ದೇ ನೆಲದ ಏರಿಳಿತ. ಅಂತರವೇ ತಪ್ಪಿದ್ದರೆ? ಪಟ್ಟೆ ಪೂರ್ತಿ ಹೋಗುವುದಿಲ್ಲ, ಇಳಿಜಾರಿನ ವೇಷದಲ್ಲಿ ಕೂತುಬಿಡುತ್ತದೆ. ಕಾಲು ಸುತ್ತು ಉಳಿದರೂ 25 ಮೀಟರ್. ನಮ್ಮ ಎರಡು ಕೆರೆಗಳ ನಡುವೆ ಅಷ್ಟು ವ್ಯತ್ಯಾಸ ಎಲ್ಲಿದೆ?

ನಕ್ಷೆ ವಾಲಿದಷ್ಟೇ ವಾಲಿದ ಒಂದು ಸಪಾಟು ಹಾಳೆ ಲೆಕ್ಕದಲ್ಲಿ ಕೂರಿಸಿ, ಸುಮ್ನೆ ಅದನ್ನು ಕಳೆದುಬಿಡು ಅಂತ ಗೆಳೆಯರು ಹೇಳಿದರು. ನನಗೆ ಒಪ್ಪಿಗೆ ಆಗಲಿಲ್ಲ. ಪಾಲಾರ್ ನದಿ ಕಡೆಗೆ ನಮ್ಮ ನೆಲ ನಿಜವಾಗಿಯೂ ಇಳಿಯುತ್ತದೆ, ಅದೂ ಅಳಿಸಿಹೋಗುತ್ತದೆ ಅಲ್ವಾ?

ಕಾದೆ. ನಿಖರ ಕಕ್ಷೆಯ ತಪ್ಪು ಸುಮಾರು 5 ಸೆಂಟಿಮೀಟರ್ ಅಷ್ಟೇ. ಉಪಗ್ರಹ ಇರುವುದು 693 ಕಿಲೋಮೀಟರ್ ಮೇಲೆ, ನೆನೆದರೆ ಇವತ್ತಿಗೂ ಮೈ ಜುಂ ಅನ್ನುತ್ತದೆ. ಅದನ್ನು ಹಾಕಿ ಮೊದಲಿಂದ ಮಾಡಿದಾಗ ಮೇಲಿನ ಕೆರೆ ಮೇಲಕ್ಕೆ ಬಂತು. ಕೆರೆ ಏರಿಯ ಎತ್ತರ ಮಾತ್ರ ಇದರಲ್ಲಿ ನಂಬುವಂತಿಲ್ಲ, ಅಳತೆಯಲ್ಲಿ ಅಡ್ಡಾದಿಡ್ಡಿ ಏರುಪೇರು ಜಾಸ್ತಿ.

ಎರಡನೇ ಪ್ರಿಂಟ್‌ನಲ್ಲಿ ದೊಡ್ಡಪ್ಪ ಕೋಡಿಯಿಂದ ಕೋಡಿಗೆ ಬೆರಳು ಎಳೆಯುತ್ತಾ ಹೋದರು. ಮೂರನೇ ಕೆರೆ ಹತ್ತಿರ ನಿಂತು, "ಇಲ್ಲಿ ಒಂದು ರಾಜಕಾಲುವೆ ಇತ್ತು, ಮುಚ್ಚಿದ್ದಾರೆ" ಅಂದರು. ಪೆನ್ನು ತಗೊಂಡು ಅದನ್ನೂ ಗೀಚಿಕೊಂಡೆ.