ಗೊಂಬೆಯ ಲಂಗ ಕೊಡೆಯಂತೆ ನಿಲ್ಲುತ್ತಿತ್ತು, ಸರಿಮಾಡಿದ್ದು ಹೀಗೆ

ಪೋಲೆಂಡಿನ ವೊವಿಚ್ ಕಡೆಯ ಹೆಂಗಸರ ಉಡುಗೆಯಲ್ಲಿ ಗೊಂಬೆ ಮಾಡುವವರಿಗೆ ಇದು. ಆ ಉಡುಗೆಯ ಜೀವವೇ ಲಂಗ. ಉಣ್ಣೆ ಬಟ್ಟೆ, ಮೇಲಿಂದ ಕೆಳಕ್ಕೆ ಬಣ್ಣಬಣ್ಣದ ಪಟ್ಟೆ, ಒತ್ತಾದ ನೆರಿಗೆ. ನನ್ನ 25 ಸೆಂ.ಮೀ. ಗೊಂಬೆಗೆ ಅದೇ ಥರ ಉಣ್ಣೆಯಲ್ಲಿ ಹೊಲಿದರೆ ಕೊಡೆ ಬಿಚ್ಚಿದ ಹಾಗೆ ನಿಲ್ಲುತ್ತಿತ್ತು, ಸೊಂಟದ ಸುತ್ತ ಬೆರಳಿನಷ್ಟು ದಪ್ಪ.

ದಾರ ಎಳೆದು ಸುಕ್ಕು ಮಾಡಿದೆ, ದಪ್ಪ ಇನ್ನೂ ಜಾಸ್ತಿ ಆಯಿತು. ಗಂಜಿ ಹಾಕಿದೆ, ಸೆಟೆದು ನಿಂತಿತು. ಬಟ್ಟೆ ಕಡಿಮೆ ಮಾಡಿದೆ, ನೆರಿಗೆಯೇ ಹೋಯಿತು.

ನೆರಿಗೆ ಅಂದರೆ ಮೂರು ಪದರ ಅಲ್ವಾ, ಇಷ್ಟು ಚಿಕ್ಕ ಸೊಂಟಕ್ಕೆ ಉಣ್ಣೆ ಬೇಡವೇ ಬೇಡ, ತೆಳು ಹತ್ತಿ ಬಟ್ಟೆ ತಗೊಳ್ಳಿ. ಉದ್ದ 36 ಸೆಂ.ಮೀ., ಅಗಲ 11, ಜೋಡಿಸುವ ಹೊಲಿಗೆಗೆ ಎರಡೂ ತುದಿಯಲ್ಲಿ 1 ಸೆಂ.ಮೀ. ಬೇರೆ. ಮೊದಲು ಕೆಳಗಿನ ಅಂಚು ಮಡಚಿ ಹೊಲಿಯಿರಿ, ಆಮೇಲೆ ಹೊಲಿದರೆ ನೆರಿಗೆ ಕೆಡುತ್ತದೆ. 18 ಮಿ.ಮೀ.ಗೆ ಒಂದರಂತೆ 20 ನೆರಿಗೆ, ಎಲ್ಲ ಒಂದೇ ದಿಕ್ಕಿಗೆ, ಹೊರಗೆ ಕಾಣುವುದು 6 ಮಿ.ಮೀ. ಮಾತ್ರ. ಆಗ ಸೊಂಟ ಸರಿಯಾಗಿ 12 ಸೆಂ.ಮೀ.ಗೆ ಬರುತ್ತದೆ. ಮೇಲೆ, ನಡುವೆ, ಕೆಳಗೆ ಮೂರು ಸಾಲು ಕಚ್ಚಾ ಹೊಲಿಗೆ ಹಾಕಿ, ಒದ್ದೆ ಬಟ್ಟೆ ಮುಚ್ಚಿ, ಇಸ್ತ್ರಿ ಪೆಟ್ಟಿಗೆಯನ್ನು ಕಾಟನ್ ಸೆಟ್ಟಿಂಗಿನಲ್ಲಿಟ್ಟು ಸುಮ್ನೆ ಒತ್ತಿ ಎತ್ತಿ, ಉಜ್ಜಬೇಡಿ. ಒಣಗಿದ ಮೇಲೆ ರಾತ್ರಿಯಿಡೀ ದಪ್ಪ ಪುಸ್ತಕದ ಕೆಳಗಿಡಿ. ಬೆಳಗ್ಗೆ ಸೊಂಟದ ಪಟ್ಟಿ ಹೊಲಿದು, ಹಿಂಭಾಗ ಜೋಡಿಸಿ. ಕಚ್ಚಾ ದಾರ ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ, ನಾನು ಮೊದಲ ಸಲ ಎಡವಿದ್ದು ಅಲ್ಲೇ.

ಪಟ್ಟೆ ಆರಿಸುವಾಗಲೂ ಲೆಕ್ಕ ಹಾಕಿ. 6 ಮಿ.ಮೀ.ನ ಮೂರು ಬಣ್ಣ ಇದ್ದರೆ ಹೊರಗೆ ಬರೀ ಒಂದೇ ಬಣ್ಣ ಕಾಣುತ್ತದೆ. ಐದು ಬಣ್ಣ ಇದ್ದರೆ ಐದೂ ಸರದಿಯಂತೆ ಬರುತ್ತವೆ.